ಗುಲಾಬಿಯ ಹೊಟ್ಟೆಯಲ್ಲಿ ಎರಡು

ಮುನಾಫನಂಥ ಪುಕ್ಕಲನನ್ನು ತಿಪಟೂರಿನಲ್ಲಿ ನಾನು ಇನ್ನೊಬ್ಬನನ್ನು ಕಾಣೆ. ತನ್ನ ಕುದುರೆ ಸೀನಿದರೂ ಆಸಾಮಿಗೆ ಅನ್ನ ಇಳಿಯುತ್ತಿರಲಿಲ್ಲ. ತೊಂಬತ್ತೇಳರ ಹೊತ್ತಿಗೆ ಊರಿನ ಕುದುರೆಗಾಡಿಗಳೆಲ್ಲ ಮೂಲೆ ಸೇರಿದ್ದವು. ನಮ್ಮ ಮಂಡಿಯ ಕೊಬ್ಬರಿ ಚೀಲಗಳನ್ನು ಮಾತ್ರ ಇನ್ನೂ ಅವನ ಗುಲಾಬಿಯೇ ಎಳೆಯುತ್ತಿದ್ದಳು. ಅವಳಿಗೂ ವಯಸ್ಸಾಗುತ್ತಿತ್ತು. ಅವಳದೊಂದು ಮರಿ ಕೈಗೆ ಹತ್ತದಿದ್ದರೆ ಅಪ್ಪನಿಂದ ಬಂದ ಕಸುಬು ಅವಳೊಂದಿಗೇ ಮುಗಿಯುತ್ತಿತ್ತು, ಇನ್ನೊಂದು ಕುದುರೆ ಕೊಳ್ಳುವ ತಾಕತ್ತು ಮುನಾಫನಿಗೆ ಇರಲಿಲ್ಲ.

ಅರಸೀಕೆರೆಯಲ್ಲಿ ಮದುವೆ ಮೆರವಣಿಗೆಗೆ ಹೋಗುವ ಗಂಡು ಕುದುರೆಯ ಹತ್ತಿರ ಅವಳನ್ನು ಬಿಟ್ಟುಕೊಂಡು ಬಂದದ್ದೇ ತಡ, ನಮಗೆಲ್ಲ ತಲೆನೋವು ಶುರುವಾಯಿತು. ಗಬ್ಬ ನಿಂತಿದೆಯೋ ಇಲ್ಲವೋ? ಮುನಾಫ್ ಬೆಳಗೆದ್ದು ಅವಳ ಖಾಲಿ ಹೊಟ್ಟೆಗೆ ತಣ್ಣೀರು ಕುಡಿಸಿ, ಮರಿ ಮಿಸುಕುತ್ತದೇನೋ ಎಂದು ಪಕ್ಕೆಗೆ ಕಣ್ಣು ನೆಟ್ಟು ಕೂರುತ್ತಿದ್ದ. ಹೋದವಾರ ಬಿತ್ತಿದ ರಾಗಿಗೆ ಈವಾರ ಕುಡುಗೋಲು ಮಸೆದಂತಾಯಿತು! ಆಮೇಲೆ ಅದೇ ಗಂಡಿನ ಮುಂದೆ ಮತ್ತೆ ನಿಲ್ಲಿಸಿ ನೋಡಿದ. ಗುಲಾಬಿ ಕಿವಿ ಹಿಂದಕ್ಕೆ ಮಡಿಚಿ ಜಾಡಿಸಿ ಒದ್ದಳಂತೆ. ಗಬ್ಬವಾದ ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದಿಲ್ಲ ಎಂದು ಮಂಡಿಯ ಮುಂದೆ ಬಂದು ಕುಣಿದ. ಅವಳು ನನ್ನನ್ನೂ ಒದ್ದಿದ್ದಾಳಲ್ಲಯ್ಯಾ ಎಂದೆ. ಪಾಪ, ಮುಖ ಬಾಡಿಹೋಯಿತು.

ಆಸ್ಪತ್ರೆಗೆ ಹೋಗೋಣ ಎಂದರೆ, ಒಳಗೆ ಕೈ ಹಾಕಿದರೆ ಮರಿ ಇಳಿದುಹೋದೀತು ಎಂಬ ಭಯ. ಕೊನೆಗೆ ನನಗೇ ರೇಗಿ ಅವನನ್ನೂ ಕುದುರೆಯನ್ನೂ ದನದ ಆಸ್ಪತ್ರೆಗೆ ಹೊರಡಿಸಿದೆ. ಅಲ್ಲಿನ ಡಾಕ್ಟರು ರೇವಣಸಿದ್ದಯ್ಯ ಮೊದಲು ಕುದುರೆ ಫಾರಂನಲ್ಲಿ ಇದ್ದು ಬಂದವರು. ಭುಜದವರೆಗೆ ಗ್ಲೌಸ್ ಏರಿಸಿ, ಸೋಪು ನೀರು ಸವರಿ, ನಿಧಾನವಾಗಿ ಕೈ ಹಾಕಿದರು. ಮುನಾಫ್ ಕುದುರೆಯ ತಲೆ ಹಿಡಿದು ದುವಾ ಪಿಸುಗುಟ್ಟುತ್ತಿದ್ದ. ಡಾಕ್ಟರು ಗರ್ಭಕೋಶದ ಒಂದು ಪಕ್ಕ ಮುಟ್ಟಿ ನೋಡಿದರು, ಇನ್ನೊಂದು ಪಕ್ಕ ಮುಟ್ಟಿ ನೋಡಿದರು.

"ನಿಂತೈತೆ. ಎರಡವೆ, ಆ ಪಕ್ಕ ಒಂದು, ಈ ಪಕ್ಕ ಒಂದು," ಎಂದರು.

ಮುಂದಿನ ಮಾತು ಕೇಳಲು ಮುನಾಫ್ ಅಲ್ಲಿದ್ದರೆ ತಾನೇ? ನಮ್ಮ ಕಡೆ ಮೇಕೆ ಅವಳಿ ಹಾಕಿದರೆ ಮನೆಗೆ ಲಕ್ಷ್ಮಿ ಬಂದಂತೆ. ಹಗ್ಗ ನನ್ನ ಕೈಗೆ ತುರುಕಿ ಓಡಿದ. ಹೆಂಡತಿ ಅಫ್ಸರ್ ಬಾನುಗೆ ಸುದ್ದಿ ಮುಟ್ಟಿಸಿ, ಎಡಪಕ್ಕದ್ದಕ್ಕೆ ಬಾದಲ್, ಬಲಪಕ್ಕದ್ದಕ್ಕೆ ಬಿಜ್ಲಿ ಎಂದು ಅವಳ ಬಾಯಲ್ಲಿ ಎರಡು ಹೆಸರನ್ನೂ ಇಡಿಸಿಕೊಂಡು, ಕೊಬ್ಬರಿ ಮಿಠಾಯಿ ಪೊಟ್ಟಣದೊಂದಿಗೆ ವಾಪಸು ಬಂದ. ಅಷ್ಟರಲ್ಲಿ ಉಳಿದದ್ದನ್ನು ಡಾಕ್ಟರು ನನಗೆ ಹೇಳಿದ್ದರು. ನನಗೆ ಅವನ ಮುಖ ನೋಡಲಾಗಲಿಲ್ಲ.

ಡಾಕ್ಟರು ಮಿಠಾಯಿ ಮುಟ್ಟಲಿಲ್ಲ. "ಮೇಕೆ ಲೆಕ್ಕ ಕುದುರೆಗೆ ನಡೆಯಲ್ಲ ಕಣಪ್ಪ. ಎರಡನ್ನೂ ಬಿಟ್ರೆ ಒಂದೂ ಉಳಿಯೋದು ಕಷ್ಟ, ತಾಯಿ ಜೀವಕ್ಕೂ ಅಪಾಯ. ಒಂದನ್ನ ಈಗ್ಲೇ ಒಳಗೇ ಹಿಸುಕಿಬಿಡ್ಬೇಕು."

ಮುನಾಫ್ ಗೇಟಿಗೂ ಹುಣಸೆಮರಕ್ಕೂ ನಡುವೆ ಅಲೆದಾಡಿದ. ಬಂದು, ಒಳ್ಳೇ ಹುರುಳಿ ಹಾಕಿ ಸಾಕಿದರೆ ಆಗದೇ ಎಂದು ಕೇಳಿದ. ಗಾಡಿಗೆ ಕಟ್ಟದೇ ಇಟ್ಟರೆ? ಮುಂದಿನ ತಿಂಗಳು ನೋಡಿದರೆ? ತಡವಾದರೆ ಇದೂ ಕೈಲಾಗುವುದಿಲ್ಲ ಎಂದರು ಡಾಕ್ಟರು. ಮತ್ತೆ ಹುಣಸೆಮರಕ್ಕೆ ಹೋದ. ಯಾವಾಗಲೂ ಅವನನ್ನು ಗದರುವ ನಾನು ಗುಲಾಬಿಯ ಹಗ್ಗ ಹಿಡಿದು ನಿಂತಿದ್ದೆ. ಕೊನೆಗೆ ಬಂದು ಗುಲಾಬಿಯ ತಲೆ ತಬ್ಬಿಕೊಂಡ.

"ಮಾಡಿ ಸಾರ್. ಯಾವ ಪಕ್ಕದ್ದು ಅಂತ ಮಾತ್ರ ನಂಗೆ ಹೇಳ್ಬ್ಯಾಡಿ."

ಮುಂದಿನ ವರ್ಷ ಗುಲಾಬಿ ಮರಿ ಹಾಕಿದಳು. ನೋಡಲು ಹೋದಾಗ ಅದು ಉದ್ದುದ್ದ ಕಾಲು ಎಸೆಯುತ್ತಾ ಅಂಗಳದ ತುಂಬ ಓಡುತ್ತಿತ್ತು. ಮುನಾಫ್ ಬೆಲ್ಲ ಹಿಡಿದು "ಬಾದಲ್, ಬಿಜ್ಲಿ" ಎಂದು ಕರೆಯುತ್ತಿದ್ದ. ಒಂದು ಮರಿಗೆ ಎರಡು ಹೆಸರು ಯಾಕಯ್ಯಾ, ತಲೆ ಕೆಟ್ಟಿದೆಯಾ ಎಂದು ಗದರಿದೆ.

"ಉಳಿದಿದ್ದು ಯಾವ್ದು ಅಂತ ನಂಗೆ ಗೊತ್ತಿಲ್ವಲ್ಲ ರುದ್ರೇಶಣ್ಣ," ಎಂದ.