ಮೂಡಣಕ್ಕೆ ಮುಖ ಮಾಡಿದ ಲಾರಿ

ನಮ್ಮ ಲಾರಿಯ ಎಂಜಿನ್ನಿನ ಹೆಡ್ಡನ್ನು, ಅಂದರೆ ಅದರ ಮೇಲಿನ ಕಬ್ಬಿಣದ ಭಾಗವನ್ನು, ಎರಡು ಸಲ ಮಟ್ಟ ಮಾಡಿಸಿಯಾಗಿತ್ತು. ಎರಡನೆಯ ಸಲ ಶಹಾಬಾದಿನ ಲೇತ್ ಅಂಗಡಿಯವನು ಅದನ್ನು ಮಗುಚಿ ನೋಡಿ, ಇನ್ನೊಮ್ಮೆ ಕಾದು ಡೊಂಕಾದರೆ ತರಬೇಡಿ, ಕೆರೆಯಲು ಇದರಲ್ಲಿ ಕಬ್ಬಿಣವೇ ಉಳಿದಿಲ್ಲ ಎಂದಿದ್ದ. ಅಂದರೆ ಎಂಜಿನ್ ಮತ್ತೊಮ್ಮೆ ಕುದಿದರೆ ಅಪ್ಪ ಸ್ವಂತ ಲಾರಿಯವನಾಗಿ ಉಳಿಯುತ್ತಿರಲಿಲ್ಲ, ಮಂದಿಯ ಲಾರಿಗೆ ಡ್ರೈವರ್ ಆಗುತ್ತಿದ್ದ. ಇದು ಅಪ್ಪನಿಗೂ ಗೊತ್ತಿತ್ತು, ಲಾರಿ ರಿಪೇರಿ ಮಾಡುವ ಉಸ್ತಾದನಿಗೂ ಗೊತ್ತಿತ್ತು. ಗೊತ್ತಿದ್ದ ಇಬ್ಬರು ಸೇರಿ ಮೂರು ದಿನ ಏನು ಮಾಡಿದರು ಎನ್ನುವುದನ್ನು ನಾನು ಕಣ್ಣಾರೆ ಕಂಡೆ.

ಉಸ್ತಾದನ ಗ್ಯಾರೇಜು ಚಿತ್ತಾಪುರದ ಹೊರಗೆ ವಾಡಿ ರಸ್ತೆಯಲ್ಲಿದೆ. ಅಂಗಳ ಸಮತಟ್ಟಾಗಿಲ್ಲ. ಹಳೆಯ ಕಲ್ಲಿನ ಗಣಿಯ ಕಡೆಗೆ, ಅಂದರೆ ಪೂರ್ವಕ್ಕೆ, ಚೆನ್ನಾಗಿಯೇ ಇಳಿಜಾರು. ಎಂಜಿನ್ ಬಿಚ್ಚಿ ಜೋಡಿಸಿದ ಮೇಲೆ ಲಾರಿಯ ಮುಖ ಮೂಡಣಕ್ಕಿರಬೇಕು, ಕಾಯಿ ಒಡೆದು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಆಮೇಲೆ ಸ್ಟಾರ್ಟ್ ಮಾಡಬೇಕು ಎನ್ನುವುದು ಅಪ್ಪನ ಪದ್ಧತಿ. ಹೀಗಾಗಿ ಹೆಡ್ಡು ಮರಳಿ ಜೋಡಿಸಿದ ಲಾರಿ ಮೂತಿ ತಗ್ಗಿಸಿ ಹಿಂಭಾಗ ಎತ್ತಿಕೊಂಡು ನಿಂತಿತ್ತು. ಆ ಭಂಗಿಯಲ್ಲೇ ಅದಕ್ಕೆ ನೀರು ತುಂಬಿದರು. ನೀರು ರೇಡಿಯೇಟರಿನ ಬಾಯಿಯವರೆಗೆ ಬಂದದ್ದೇ ಉಸ್ತಾದ ತೃಪ್ತಿಯಿಂದ ಮುಚ್ಚಳ ಬಿಗಿದ. ರೇಡಿಯೇಟರಿಗಿಂತ ಎತ್ತರದಲ್ಲಿದ್ದ ಎಂಜಿನ್ನಿನ ಹಿಂಭಾಗದಲ್ಲಿ ಉಳಿದ ಗಾಳಿಯನ್ನು ಯಾರೂ ಕೇಳಲಿಲ್ಲ.

ಸ್ಟಾರ್ಟ್ ಮಾಡಿ ಹತ್ತು ನಿಮಿಷಕ್ಕೆ ಎಂಜಿನ್ನಿನ ಬಿಸಿ ತೋರಿಸುವ ಮೀಟರಿನ ಮುಳ್ಳು ಕೆಂಪಿಗೆ ಹೋಯಿತು. ಅಪ್ಪ ಆರಿಸಿದ. ಮೀಟರ್ ಸುಳ್ಳು ಹೇಳುತ್ತಿದೆ ಎಂದು ಉಸ್ತಾದ ತೀರ್ಪು ಕೊಟ್ಟ. ಮರುದಿನ ಹೊಸ ಮೀಟರ್ ಬಂತು, ಅದೂ ಅದೇ ಸುಳ್ಳನ್ನು ಅಷ್ಟೇ ಹೊತ್ತಿಗೆ ಹೇಳಿತು. ಆಗ ಅಪ್ಪನಿಗೆ ಯಾರದೋ ದೃಷ್ಟಿ ತಾಗಿದೆ ಎನ್ನಿಸಿ, ಬಂಪರಿಗೆ ಮೆಣಸಿನಕಾಯಿ ಕಟ್ಟಿದ.

ನಾನು ಸೇಡಂನ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ರಜೆಯಿದ್ದುದರಿಂದ ಅಪ್ಪನಿಗೆ ಬುತ್ತಿ ಒಯ್ಯುವ ಕೆಲಸ ನನ್ನದಾಗಿತ್ತು. ಎಂಜಿನ್ ಮುಟ್ಟಲಾಗದಷ್ಟು ಕಾದಿದ್ದಾಗ ಅದರಿಂದ ರೇಡಿಯೇಟರಿಗೆ ಹೋಗುವ ಮೇಲಿನ ಪೈಪನ್ನು ಹಿಡಿದು ನೋಡಿದೆ. ತಣ್ಣಗಿತ್ತು. ನೀರು ತಿರುಗುತ್ತಲೇ ಇರಲಿಲ್ಲ. ಒಳಗೆ ಗಾಳಿ ಸಿಕ್ಕಿದೆ, ಮೂತಿ ಮೇಲಾಗುವಂತೆ ತಿರುಗಿಸಿ ನಿಲ್ಲಿಸಿದರೆ ಹೊರಬರುತ್ತದೆ ಎಂದು ಉಸ್ತಾದನಿಗೆ ಹೇಳಿದೆ. ಗಾಳಿಯನ್ನು ನಿನ್ನೆಯೇ ತೆಗೆದಿದ್ದೇನೆ ಎಂದ. ಅವನು ತೆಗೆದದ್ದು ಡೀಸೆಲ್ ಪೈಪಿನ ಗಾಳಿ. ನಾನು ಹೇಳುತ್ತಿರುವುದು ನೀರಿನೊಳಗಿನ ಗಾಳಿಯನ್ನು ಎಂದೆ.

"ನೀರಿನ್ಯಾಗ ಗಾಳಿ ಇದ್ರ ಮೀನ ಬದುಕ್ತಾವ ಬೇಟಿ," ಎಂದ ಉಸ್ತಾದ. "ಎಂಜಿನ್ ಸಾಯಂಗಿಲ್ಲ."

ಚಹಾ ಕುಡಿಯುತ್ತ ಬೆಂಚಿನ ಮೇಲೆ ಕೂತಿದ್ದವರು ಮನಸಾರೆ ನಕ್ಕರು. ಅವರಲ್ಲಿ ಯಾರ ಲಾರಿಯೂ ಕೆಟ್ಟಿರಲಿಲ್ಲ. ಕಾಲೇಜಿನ ಪಾಠ ಕಾಲೇಜಿನಲ್ಲೇ ಇರಲಿ ಎಂದು ಅಪ್ಪ ಮೆಲ್ಲಗೆ ಹೇಳಿ ಬುತ್ತಿ ಬಿಚ್ಚಿದ. ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ ಹೇಳುವ ಅಭ್ಯಾಸ ನನಗಿಲ್ಲ. ಅದನ್ನು ಸ್ವಾಭಿಮಾನ ಎಂದುಕೊಂಡು ಬಸ್ಸು ಹತ್ತಿ ಮನೆಗೆ ಬಂದೆ.

ಮೂರನೆಯ ದಿನ ಚಿಂಚೋಳಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಒಯ್ಯುವ ಬಾಡಿಗೆ ಬಂತು. ಇಬ್ಬರೂ ಕೂಡಿ ಒಂದು ಉಪಾಯ ಕಂಡುಹಿಡಿದರು. ಮೀಟರಿನ ವಾಯರ್ ಕಿತ್ತುಬಿಡುವುದು, ನಾಲ್ಕು ಕ್ಯಾನು ನೀರು ಇಟ್ಟುಕೊಂಡು ಹೊರಡುವುದು. ನೋಡದಿದ್ದರೆ ಹೆದರಿಕೆಯಿಲ್ಲ ಎನ್ನುವುದು ತರ್ಕ. ಉಸ್ತಾದ ವಾಯರ್ ಕೀಳಲು ಪಕ್ಕಡ್ ಎಂಬ ಇಕ್ಕಳ ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿದಾಗ, ಅಂದೂ ಬುತ್ತಿ ತಂದಿದ್ದ ನನಗೆ ಲೇತ್ ಅಂಗಡಿಯವನು ಅಂದದ್ದು ನೆನಪಾಯಿತು. ಕಲ್ಲು ಹೇರಿಕೊಂಡು ಸೇಡಂ ದಾಟುವ ಮೊದಲೇ ಎಂಜಿನ್ ಮುಗಿಯುತ್ತಿತ್ತು. ಇವರಿಗೆ ವಿಜ್ಞಾನ ಹೇಳಿ ಪ್ರಯೋಜನವಿಲ್ಲ ಎನ್ನುವುದು ಅಷ್ಟರಲ್ಲಿ ನನಗೂ ತಿಳಿದಿತ್ತು. ಅದೇ ಅಂಗಳದ ಮೂಲೆಯಲ್ಲಿ ಉಸ್ತಾದ ಚಾಪೆ ಹಾಸಿ, ಪಡುವಣಕ್ಕೆ ಮುಖ ಮಾಡಿ ನಮಾಜು ಮಾಡುವುದನ್ನು ನೋಡಿದ್ದೆ. ಪಡುವಣವೆಂದರೆ ಏರು.

"ಚಾಚಾ," ಎಂದೆ, "ಮೂರು ದಿನ ಅಪ್ಪನ ದಿಕ್ಕಿಗೆ ನಿಂತದ. ಒಂದು ತಾಸು ನಿಮ್ಮ ದಿಕ್ಕಿಗೆ ನಿಂದರಸ್ರಿ. ಗ್ಯಾರೇಜ್ ನಿಮ್ದಲ್ಲೇನು?"

ಉಸ್ತಾದ ಪಕ್ಕಡ್ ಹಿಡಿದುಕೊಂಡೇ ಹೊರಗೆ ಬಂದು ಅಪ್ಪನ ಮುಖ ನೋಡಿದ. "ಏನಂತೀರಿ ಸಾವ್ಕಾರ? ನಿಮ್ಮ ಮಗಳು ನನ್ನ ಕಡಿ ವಕೀಲಿ ಮಾಡಲಿಕತ್ತಾಳ."

ಬೇಡ ಎಂದರೆ ಇಪ್ಪತ್ತು ವರ್ಷದ ಗೆಳೆಯನ ದಿಕ್ಕನ್ನು ಬೇಡ ಎಂದಂತಾಗುತ್ತಿತ್ತು. ಅಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡು, "ತಿರಗಸ್ರಿ. ಅದೂ ದೇವರ ದಿಕ್ಕೇ ಅದ," ಎಂದ.

ಲಾರಿ ಮೂತಿ ಎತ್ತಿ ನಿಂತಿತು. ಎಂಜಿನ್ ಪೂರ್ತಿ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ತೆಗೆಸಿದೆ. ಗಾಳಿ ಬಿಡಲೆಂದೇ ಎಂಜಿನ್ನಿನ ಮೇಲೆ ಒಂದು ಸಣ್ಣ ತಿರುಪು ಇರುತ್ತದೆ. ಉಸ್ತಾದ ಅಂದ ಕಾಣಲೆಂದು ಅದರ ಮೇಲೂ ಹಸಿರು ಬಣ್ಣ ಬಳಿದುಬಿಟ್ಟಿದ್ದ. ಬಣ್ಣ ಕೆರೆದು ಪಾನಾ ಹಾಕಿ ಸಡಿಲಿಸಿದಾಗ ಮೊದಲು ಸುಯ್ಯೆಂದು ಗಾಳಿ ಬಂತು. ಆಮೇಲೆ ಕೆಮ್ಮುತ್ತ ಕೆಮ್ಮುತ್ತ ನೊರೆ, ಕೊನೆಗೆ ಒಂದೇ ಧಾರೆಯ ನೀರು. ರೇಡಿಯೇಟರಿನ ಬಾಯಿಯವರೆಗೆ ತುಂಬಿದ್ದ ನೀರು ಗುಳುಗುಳು ಎನ್ನುತ್ತ ತಳಕ್ಕಿಳಿಯಿತು, ಎಂಜಿನ್ ಹತ್ತಿರ ಹತ್ತಿರ ಇನ್ನೊಂದು ಬಕೆಟ್ ನೀರು ಕುಡಿಯಿತು. ತಿರುಪು ಬಿಗಿದು, ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ಮತ್ತೆ ಮತ್ತೆ ನೀರು ಹಾಕಿದೆವು. ಮೇಲಿನ ಪೈಪು ಬಿಸಿಯಾಯಿತು. ಮುಳ್ಳು ಅರ್ಧಕ್ಕೆ ಬಂದು ನಿಂತಿತು.

ಬೆಂಚಿನವರಲ್ಲಿ ಒಬ್ಬ, ಮೆಣಸಿನಕಾಯಿ ಸಾವಕಾಶ ಕೆಲಸ ಮಾಡುತ್ತದೆ ಎಂದ. ಉಸ್ತಾದ ಈಗ ಹೆಡ್ಡಿನ ಕೆಲಸವಾದ ಪ್ರತಿ ಲಾರಿಯನ್ನೂ ಪಡುವಣಕ್ಕೇ ನಿಲ್ಲಿಸುತ್ತಾನೆ. ಇದು ತನ್ನ ಗುರುವಿನ ಕಾಲದಿಂದ ಬಂದ ಪದ್ಧತಿ ಎನ್ನುತ್ತಾನಂತೆ. ಸೇಡಂನ ಸಮತಟ್ಟಾದ ಗ್ಯಾರೇಜುಗಳಲ್ಲೂ ಕೆಲವರು ಹಾಗೇ ಮಾಡುತ್ತಿದ್ದಾರೆ ಎಂದು ಕೇಳಿದ್ದೇನೆ. ಕಾರಣ ಇಳಿಜಾರಿನಲ್ಲಿತ್ತು, ದಿಕ್ಕಿನಲ್ಲಲ್ಲ ಎಂದು ಹೇಳಲು ನಾನು ಹೋಗಿಲ್ಲ.

ಅಂದು ಕಲ್ಲು ಹೇರಿಕೊಂಡು ಹೊರಟಾಗ ಅಪ್ಪ ನನ್ನನ್ನು ಕ್ಯಾಬಿನ್ನಿಗೆ ಹತ್ತಿಸಿಕೊಂಡ, ಸೇಡಂನಲ್ಲಿ ಇಳಿಸುತ್ತೇನೆ ಎಂದು. ಸೇಡಂ ಬಂತು, ಇಳಿಸಲಿಲ್ಲ. ಚಿಂಚೋಳಿ ಹತ್ತಿರದ ಏರಿನಲ್ಲಿ ಗೇರ್ ಇಳಿಸಿ, ಎರಡೂ ಕೈಯಿಂದ ಸ್ಟಿಯರಿಂಗ್ ಬಿಗಿಹಿಡಿದು ರಸ್ತೆಯನ್ನೇ ನೋಡುತ್ತಿದ್ದ. ಮೀಟರಿನ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.

"ಎಲ್ಲಿ ಅದ?" ಎಂದ.

"ನಡುವ ಅದ."

ಸ್ವಲ್ಪ ದೂರ ಹೋದ ಮೇಲೆ ಮತ್ತೆ ಕೇಳಿದ. ಮತ್ತೆ ಹೇಳಿದೆ.