ಒದ್ದೆ ತಟ್ಟಿನ ಸುದ್ದಿ

ಇಂಡಿ ಊರಿನ ಮಹಮ್ಮದಹನೀಫ ಸೋಗು ಹಾಕುವುದರಲ್ಲಿ ಎತ್ತಿದ ಕೈ. ಹೋಳಿಯಲ್ಲಿ ಸಾವುಕಾರನಾಗಿ ಮೀಸೆ ತಿರುವುತ್ತಾ ಬಂದರೆ ನಿಜವಾದ ಸಾವುಕಾರರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಸೋಗಿನವನ ಮೇಲೆ ಸಿಟ್ಟಾಗಬಾರದು, ಅದು ಈ ಕಡೆಯ ರಿವಾಜು. ಆದರೆ ಕೇಬಲ್ ಟಿವಿಯಲ್ಲಿ ಪ್ರತಿ ಭಾನುವಾರ ಅವನು ನಡೆಸುವ ‘ಸೋಗಿನ ಸುದ್ದಿ’ ಹುಟ್ಟಿದ್ದು ನಗಿಸಲಿಕ್ಕಲ್ಲ, ಮುಯ್ಯಿ ತೀರಿಸಲಿಕ್ಕೆ.

ಅವನ ಅಪ್ಪ ಜೈನುದ್ದೀನ ಮೂವತ್ತು ವರ್ಷ ನಿಂಬೆ ವ್ಯಾಪಾರ ಮಾಡಿದವನು. ಬಿಸಿಲಿಗೆ ಕಾಯಿ ಒಣಗದಿರಲೆಂದು ಎಲ್ಲರಂತೆ ಒದ್ದೆ ಗೋಣಿತಟ್ಟು ಹೊದಿಸುತ್ತಿದ್ದ. ಮೂರು ವರ್ಷದ ಹಿಂದೆ ಸುದ್ದಿ ವಾಹಿನಿಯ ಚೇತನಕುಮಾರ ಮೈಕು ಹಿಡಿದು ಬಂದ. ಅದೇ ಊರಿನವನಾದರೂ ನಿಂಬೆ ಬಜಾರ ಕಂಡವನಲ್ಲ. ತಟ್ಟು ಎತ್ತಿ, ಇದರಡಿ ಏನು ಮುಚ್ಚಿಟ್ಟಿದ್ದೀರಿ ಎಂದು ಅಬ್ಬರಿಸಿದ. ಮುದುಕ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಪ್ರಶ್ನೆ. ಸಂಜೆಗೆ ಮನೆಮನೆಯಲ್ಲೂ ‘ವಿಷದ ನಿಂಬೆ’. ತಪಾಸಣೆಯಲ್ಲಿ ಏನೂ ಸಿಗಲಿಲ್ಲ; ಅದನ್ನು ಯಾವ ವಾಹಿನಿ ಹೇಳೀತು? ಅಂದಿನಿಂದ ಜೈನುದ್ದೀನ ಹೊಸ್ತಿಲು ದಾಟಲಿಲ್ಲ. ಅಪ್ಪ ಮತ್ತೆ ತಲೆಯೆತ್ತಿ ಬಜಾರಕ್ಕೆ ಹೋಗಬೇಕು, ಚೇತನಕುಮಾರನ ಮಾನ ಬೀದಿಗೆ ಬರಬೇಕು. ಹನೀಫನಿಗೆ ಬೇಕಿದ್ದದ್ದು ಇಷ್ಟೇ.

ಕಡೆಗೊಂದು ಭಾನುವಾರ ಅವನು ಥೇಟ್ ಚೇತನಕುಮಾರನಂತೆ ಕೋಟು ತೊಟ್ಟು ಅವನ ಮನೆಗೇ ನುಗ್ಗಿದ. ಸೋಗು ಬಂತೆಂದು ಚೇತನಕುಮಾರನ ತಾಯಿ ಗುರವ್ವ ನಗುತ್ತಲೇ ಬಾಗಿಲು ತೆರೆದಳು. ಅಡುಗೆಮನೆಯಲ್ಲಿ ಮಡಕಿಕಾಳು ಮೊಳಕೆ ಬರಲೆಂದು ಒದ್ದೆ ಅರಿವೆ ಹೊದಿಸಿಟ್ಟಿದ್ದಳು.

“ಹೇಳ್ರಿ ಗುರವ್ವ, ಅರಿವಿ ಕೆಳಗ ಏನ್ ಮುಚ್ಚೀರಿ? ಯಾರ ಜೀವಾ ತಗಿಯಾಕ?”

ಉತ್ತರ ಕೊಡಲು ಬಿಡಲಿಲ್ಲ. ‘ವಿಷದ ಮಡಕಿ’ ಎಂದು ಕೆಂಪಕ್ಷರ ಓಡಿಸಿದ. ಇಂಡಿ ಬಿದ್ದು ಬಿದ್ದು ನಕ್ಕಿತು. ಸಿಂದಗಿ, ಮುದ್ದೇಬಿಹಾಳದ ಮೊಬೈಲುಗಳಲ್ಲೂ ಹರಿದಾಡಿತು. ಚೇತನಕುಮಾರ ಮೈಕು ಹಿಡಿದಲ್ಲೆಲ್ಲ ಜನ ಮಡಕಿ ಹೇಗಿದೆ ಎಂದು ಕೇಳತೊಡಗಿದರು. ಹನೀಫನ ಹೊಟ್ಟೆ ತಣ್ಣಗಾಯಿತು.

ನಾಲ್ಕನೆಯ ದಿನ ಚೇತನಕುಮಾರನೇ ಬಂದು ಹನೀಫನ ಮನೆಯ ಕಟ್ಟೆಯ ಮೇಲೆ ಕೂತ. “ಅದನ್ನ ತಗದ್ಬಿಡಪಾ. ನಾಕ ದಿನಾ ಆತು, ನಮ್ಮವ್ವ ಹೊರಗ ಬಂದಿಲ್ಲ.”

“ನಮ್ಮಪ್ಪ ಮೂರು ವರ್ಷ ಆತು,” ಎಂದ ಹನೀಫ. ಈ ಮಾತನ್ನು ಆಡಲೆಂದೇ ಅವನು ಇಷ್ಟು ದಿನ ಕಾದಿದ್ದ.

ಒಳಗೆ ಕೇಳಿಸಿಕೊಂಡ ಜೈನುದ್ದೀನ ಟೋಪಿ ಹಾಕಿಕೊಂಡು ಎದ್ದು ಬಂದ. ಚಪ್ಪಲಿ ಹುಡುಕಿ ಮೆಟ್ಟಿದ. ಅಪ್ಪ ಬಜಾರಕ್ಕೆ ಹೊರಟನೆಂದು ಹನೀಫನ ಎದೆ ಹಿಗ್ಗಿತು.

“ಗುರವ್ವಗ ತಪ್ಪಾತಂತ ಹೇಳಿ ಬರ್ತೇನಿ,” ಎಂದ ಮುದುಕ. “ಮನ್ಯಾಗ ಕುಂದ್ರೂದಂದ್ರ ಏನಂತ ನನಗ ಗೊತ್ತೈತಿ.”

ಹನೀಫ ಆ ಕಂತನ್ನು ತೆಗೆಯುತ್ತೇನೆನ್ನಲಿಲ್ಲ. ಚೇತನಕುಮಾರನ ಪಕ್ಕದಲ್ಲೇ ಹಲ್ಲು ಕಡಿಯುತ್ತಾ ಕೂತು, ಅಪ್ಪ ಓಣಿ ದಾಟುವುದನ್ನು ನೋಡಿದ.