ಮಗ ಆರಿಸಿದ ಬೋಲ್ಟು

ನನ್ನ ಹಿರಿಯ ಮಗ ದೇವರಾಯಸಮುದ್ರದ ಕೆರೆಯಲ್ಲಿ ಮುಳುಗಿಹೋದ ಮರುವರ್ಷ, ಕಿರಿಯವನನ್ನು ನೋಡಲು ಶಾಲೆಗೆ ರಜೆ ಹಾಕಿ ಮದರಾಸಿಗೆ ಹೋದೆ. ಅವನು ಸಮುದ್ರದಂಚಿನಲ್ಲಿ ಉಕ್ಕಿನ ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಬೋಲ್ಟು ಆರಿಸಿದವನೇ ಮೊದಲು ದಾಟಬೇಕೆಂಬುದು ಅಲ್ಲಿಯ ಪದ್ಧತಿ. ಆರಿಸಿದವನು ಇವನೇ. ಬೋಲ್ಟುಗಳೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು.

“ತುಕ್ಕು ಹಿಡಿದಿದೆಯಲ್ಲೋ!”

“ಸತು ಬಳಿದದ್ದು ಉಪ್ಪುಗಾಳಿಗೆ ಬೇಗ ಸವೆದುಹೋಗುತ್ತೆ ಅಪ್ಪಾ. ಇದು ಸೇತುವೆಗೆ ಹಾಕಿದಂಥದೇ, ನಿಕಲ್ ಬೆರೆಸಿದ ಉಕ್ಕು. ಮೇಲಿನ ತುಕ್ಕೇ ಒಳಗಿನದನ್ನು ಕಾಯುತ್ತೆ.”

“ಅವನ ಬದಲು ನಾನು ದಾಟ್ತೀನಿ,” ಎಂದೆ, ಅಲ್ಲಿ ಕೆಲಸ ಮಾಡಿಸುತ್ತಿದ್ದ ಶ್ರೀನಿವಾಸಪುರದ ಮೇಸ್ತ್ರಿಗೆ.

“ಬೋಲ್ಟು ಆರಿಸಿದ್ದು ನೀವೇನು ಮೇಷ್ಟ್ರೇ?”

ಮಗ ಹೊರಟ. ಕೆಳಗೆ ಅಲೆ ಬಡಿಯುತ್ತಿತ್ತು. ಕೊನೆಗೆ ಆ ತುದಿಯಿಂದ ಕೈಬೀಸಿ ಕರೆದ. ಹಾಜರಿ ಕೂಗುವವನಂತೆ ಒಂದೊಂದೇ ಬೋಲ್ಟನ್ನು ಮುಟ್ಟುತ್ತಾ ನಾನೂ ದಾಟಿದೆ. ನನ್ನ ಹಿಂದೆ ಕಾದು ಬೇಸತ್ತ ಕೂಲಿಗಳು ತೆಲುಗಿನಲ್ಲಿ ಬೈದದ್ದು ಆಂಧ್ರದ ಗಡಿಯ ಮುಳಬಾಗಿಲಿನವನಾದ ನನಗೆ ಚೆನ್ನಾಗಿಯೇ ಅರ್ಥವಾಯಿತು.